ಫೀ ಕಟ್ಟಿದ್ದು ಹೊಗೆ ಬಿಡಾಕಲ್ಲ

ಬೆಟಗೇರಿಯ ನೇಕಾರ ಓಣಿಯಲ್ಲಿ ಬಿಸಿಲೇರುವ ಮೊದಲೇ ನೂಲಿಗೆ ಗಂಜಿ ಹಚ್ಚಬೇಕು. ಓಣಿಯುದ್ದಕ್ಕೂ ಸೀರೆಯ ನೂಲು ಎಳೆದು ಕಟ್ಟಿ, ಹುಚ್ಚವ್ವ ಒಂದು ಕಡೆಯಿಂದ, ಸೊಸೆ ನಾಗರತ್ನಾ ಇನ್ನೊಂದು ಕಡೆಯಿಂದ ಕುಂಚ ಆಡಿಸುತ್ತ ಬಂದರು. ಇಬ್ಬರೂ ನಡುವೆ ಕೂಡುವಷ್ಟರಲ್ಲಿ ಬಿಳಿ ನೂಲು ಬೂದಿ ಬಣ್ಣಕ್ಕೆ ತಿರುಗಿತ್ತು. ಹಸಿ ಗಂಜಿಗೆ ಮಸಿ ಅಂಟಿತ್ತು.

ಓಣಿಯ ತುದಿಗೆ ಅಂದಾನಪ್ಪ ಚುರಮರಿ, ಅಂದರೆ ಮಂಡಕ್ಕಿ, ಹುರಿಯುವ ಭಟ್ಟಿ. ಹಳೇ ಟೈರು ಸುಟ್ಟ ಕರಿ ಹೊಗೆ ಮಾಳಿಗೆಗಳ ಮೇಲೇ ತೆವಳುತ್ತಿತ್ತು.

ಒಳಗೆ ಮೊಮ್ಮಗಳು ಶೈಲಾ ಕೆಮ್ಮುತ್ತಿದ್ದಳು. ಅವಳನ್ನು ನೋಡಲು ಬಂದಿದ್ದ ಆಶಾ ಕಾರ್ಯಕರ್ತೆ ಮಂಜುಳಾ ಹೊರಗೆ ಬಂದು ನೂಲು ಮುಟ್ಟಿದಳು. ಬೆರಳು ಕಪ್ಪಾಯಿತು.

“ಆಯಿ, ಕೂಸಿನ್ನ ಇವತ್ತ ದವಾಖಾನಿಗೆ ಕರ್ಕೊಂಡು ಬರ್ರಿ. ನೂಲಿನ ಮ್ಯಾಲೆ ಕುಂತದ್ದು ಕಣ್ಣಿಗೆ ಕಾಣತೈತಿ. ಎದ್ಯಾಗ ಕುಂತದ್ದು ಕಾಣಂಗಿಲ್ಲ.”

ಹುಚ್ಚವ್ವ ಕುಂಚ ಕೆಳಗಿಟ್ಟಳು. “ಏನ್ ಮಾಡೂಣವಾ? ಕೇಳಾಕ ಹೋದ್ರ ಅಂದಾನಪ್ಪ ಸರಕಾರಕ್ಕ ಫೀ ಕಟ್ಟೀನಿ ಅಂತಾನ. ರಸೀದಿಗೆ ಚೌಕಟ್ಟ ಹಾಕ್ಸಿ, ದಿನಾ ಊದಿನಕಡ್ಡಿ ಬೆಳಗತಾನ. ರೊಕ್ಕಾ ಕಟ್ಟಿದಂವನ ಹೊಗಿ, ನಾವ್ಯಾರು ಬ್ಯಾಡ ಅನ್ನಾಕ?”

“ಬಸ್ಸಿನ ಟಿಕೀಟ ತಗೊಂಡ್ರ ಊರು ಮುಟ್ಟಸ್ತಾರ, ಆಯಿ. ಬಾಜೂದವರ ಮ್ಯಾಲೆ ಉಗುಳಾಕ ಬಿಡ್ತಾರೇನು?”

ನಾಗರತ್ನಾ ಸೆರಗು ಬಾಯಿಗಿಟ್ಟು ನಕ್ಕಳು. ಅತ್ತೆ ನಗಲಿಲ್ಲ.

“ಇಂಥಾ ಭಟ್ಟಿ ನಡಸಾಕ ಮಾಲಿನ್ಯ ನಿಯಂತ್ರಣ ಮಂಡಳಿ ಸಮ್ಮತಿ ಬೇಕು,” ಮಂಜುಳಾ ಬಿಡಿಸಿ ಹೇಳಿದಳು. “ಆ ಸಮ್ಮತಿ ಕೇಳಾಕ ಕಟ್ಟೋದು ಫೀ. ಸಮ್ಮತಿ ಜೋಡಿ ಷರತ್ತೂ ಇರತಾವು. ಏನು ಸುಡಬೇಕು, ಚಿಮಣಿ ಎಷ್ಟ ಎತ್ತರ ಇರಬೇಕು, ಮಸಿ ಹ್ಯಾಂಗ ತಡೀಬೇಕು ಅಂತ. ಮುರದ್ರ ಸಮ್ಮತಿ ರದ್ದಾಗಬಹುದು. ದೂರು ನಾವೂ ಕೊಡಬಹುದು.”

ಮಗ್ಗಕ್ಕೇರದ ನೂಲಿಗೆ ಹುಚ್ಚವ್ವ ಎಂದೂ ಕತ್ತರಿ ಹಾಕಿದವಳಲ್ಲ. ಅಂದು ಹಾಕಿದಳು. ಒಂದು ಹಿಡಿ ಕರಿ ನೂಲು ಹಿಡಿದು ಭಟ್ಟಿಗೆ ನಡೆದಳು.

“ಫೀ ಕಟ್ಟೀನಲ್ಲಬೇ ಯವ್ವಾ!” ಅಂದಾನಪ್ಪ ಚೌಕಟ್ಟಿನತ್ತ ಕೈ ತೋರಿದ.

“ಇದನ್ನೂ ಅದರ ಬಾಜೂಕ ತೂಗು ಹಾಕು ತಮ್ಮಾ. ಇದಕ್ಕೂ ಊದಿನಕಡ್ಡಿ ಬೆಳಗು.”

ಅವನು ನೂಲು ನೋಡಿದ. “ಟೈರು ಬಿಟ್ರ ಭಟ್ಟಿ ಗಿಟ್ಟೂದಿಲ್ಲ,” ಎಂದು ಗೊಣಗಿದ.

“ಭಟ್ಟಿ ಮುಚ್ಚಂತ ಯಾರಂದ್ರು? ನಿನ್ನ ಚುರಮರಿ ನಾವೂ ತಿಂತೀವಿ. ನಮ್ಮ ಕೂಸಿಗೆ ಮಸಿ ತಿನಸಬ್ಯಾಡ.”

ಅವನು ಟೈರು ಸುಡುವುದನ್ನು ಬಿಡಲಿಲ್ಲ. ಕಡೆಗೆ ಓಣಿಯವರೆಲ್ಲ ಕೂಡಿ ಮಂಡಳಿಗೆ ದೂರು ಕೊಟ್ಟರು. ಮೊದಲ ಹೆಬ್ಬೆಟ್ಟು ಹುಚ್ಚವ್ವನದು. ಅಧಿಕಾರಿಗಳು ಬಂದು ನೋಡಿ, ಎಲ್ಲ ಸರಿಮಾಡುವ ತನಕ ಒಲೆ ಹಚ್ಚಬಾರದೆಂದರು. ಈಗ ಚಿಮಣಿ ಎತ್ತರವಾಗಿದೆ. ಟೈರಿನ ಗಾಡಿ ಓಣಿಗೆ ಬರುವುದಿಲ್ಲ.

ಮೊನ್ನೆ ಹಚ್ಚಿದ ಗಂಜಿ ಬೆಳ್ಳಗೇ ಒಣಗಿತು. ಶೈಲಾಳ ಕೆಮ್ಮು ಮಾತ್ರ ಇನ್ನೂ ಪೂರಾ ಹೋಗಿಲ್ಲ. ಕೂಸಿನ ಎದೆಯನ್ನು ನೂಲಿನ ಹಾಗೆ ತೊಳೆದು ಒಣಹಾಕಲು ಬರುವುದಿಲ್ಲ.

ಅಕ್ಕಾರ, ಅಣ್ಣಾರ, ನಿಮ್ಮ ಓಣಿಯಲ್ಲೂ ಹೊಗೆ ಇದ್ದರೆ ಸುಮ್ಮನೆ ಬಾಗಿಲು ಹಾಕಿಕೊಳ್ಳಬೇಡಿ. ಸಮ್ಮತಿ ಐತೇನು, ಅದರಾಗ ಬರದಂಗ ನಡೀತೈತೇನು ಅಂತ ಕೇಳಿ. ಭಟ್ಟಿ, ಕಾರಖಾನೆ ನಡೆಸುವವರೇ, ಫೀ ತಪ್ಪದೆ ಕಟ್ಟಿ, ಷರತ್ತನ್ನೂ ತಪ್ಪದೆ ಪಾಲಿಸಿ. ಆ ಫೀಯಿಂದ ನಿಮಗೆ ಸಿಗುವುದು ದುಡಿಯುವ ಪರವಾನಗಿ. ಬಾಜೂ ಮನೆಯ ಕೂಸಿನ ಉಸಿರು ಅದರಲ್ಲಿ ಸೇರಿಲ್ಲ.