ಪೂಜೆಗೆ ಕೂತ ರಸೀದಿ

ನಮ್ಮ ಮಾವನ ಬಂದೂಕಿಗೆ ಐದು ವರ್ಷಕ್ಕೊಮ್ಮೆ ತಗಲುತ್ತಿದ್ದ ಖರ್ಚು ಇಷ್ಟು: ಲೈಸೆನ್ಸ್ ನವೀಕರಣಕ್ಕೆ ಎರಡೂವರೆ ಸಾವಿರ, ಅಫಿಡವಿಟ್‌ಗೆ ಮುನ್ನೂರು, ಫೋಟೋಗೆ ನೂರು, ಡಾಕ್ಟರ ಸರ್ಟಿಫಿಕೇಟಿಗೆ ಐನೂರು, ಮೂರು ಸಲ ಕಮಿಷನರ್ ಕಚೇರಿಗೆ ಓಡಾಡಿದ ಆಟೋಗೆ ಸಾವಿರದೈನೂರು. ಒಟ್ಟು ನಾಲ್ಕು ಸಾವಿರದ ಒಂಬೈನೂರು. ಅಷ್ಟು ಸಂಪಾದಿಸಲು ನಾನು ಹದಿನಾಲ್ಕು ಲೈನಿಂಗ್ ಬ್ಲೌಸ್ ಹೊಲಿಯಬೇಕು.

ಆ ಬಂದೂಕು ಕೊನೆಯ ಸಲ ಸಿಡಿದದ್ದು ನಮ್ಮೂರು ಶ್ರೀಗಂಧದ ಕಾವಲಿನಲ್ಲಿ ಇನ್ನೂ ರಾಗಿ ಬೆಳೆಯುತ್ತಿದ್ದ ಕಾಲದಲ್ಲಿ. ಗುರಿ ಇಟ್ಟದ್ದು ಕಾಡುಹಂದಿಗೆ. ಹಂದಿ ಓಡಿಹೋಯಿತು, ಪಕ್ಕದ ಹೊಲದ ಪಟಾಲಮ್ಮನ ತಾಮ್ರದ ಹಂಡೆ ತೂತಾಯಿತು. ಆಮೇಲೆ ಹೊಲ ಸೈಟುಗಳಾದವು, ನಾವು ಅನ್ನಪೂರ್ಣೇಶ್ವರಿ ನಗರಕ್ಕೆ ಬಂದೆವು, ಬಂದೂಕು ಬೀರು ಸೇರಿತು. ವರ್ಷಕ್ಕೊಂದು ದಿನ, ಆಯುಧ ಪೂಜೆಗೆ, ಮಾವ ದೊಡ್ಡಹನುಮಯ್ಯನವರು ಅದನ್ನು ಇಳಿಸಿ ಎಣ್ಣೆ ಒರೆಸಿ ಚೆಂಡುಹೂ ಮುಡಿಸುತ್ತಿದ್ದರು. ನನ್ನ ಹೊಲಿಗೆ ಮಿಷನ್ನಿಗೆ ಮಿಕ್ಕ ಹೂವು.

ನಮ್ಮ ಯಜಮಾನರು ಮಹದೇವ್ ಸ್ಕೂಲ್ ವ್ಯಾನ್ ಓಡಿಸುತ್ತಾರೆ. ಎದುರುಮನೆಯ ಸುಘೋಷ್ ಎಂಬ ಹುಡುಗ ತನ್ನ ಕಾರನ್ನು ತಂದು ನಮ್ಮ ಗೇಟಿನ ಮುಂದೆಯೇ ನಿಲ್ಲಿಸುತ್ತಾನೆ. ವ್ಯಾನ್ ಹೊರಗೆ ಬರುವುದಿಲ್ಲ, ಮಕ್ಕಳಿಗೆ ತಡವಾಗುತ್ತದೆ, ಶಾಲೆಯವರು ಬೈಯುತ್ತಾರೆ. ಒಂದು ಬೆಳಿಗ್ಗೆ ಜಗಳ ಬೀದಿಗೆ ಬಂತು.

"ರೋಡೇನು ನಿಮ್ಮಪ್ಪಂದಾ?" ಎಂದ ಸುಘೋಷ್.

"ರೋಡಲ್ಲ ಕಣೋ, ನಮ್ಮಪ್ಪಂದು ಬಂದೂಕು!" ಎಂದರು ಇವರು.

ಬೀದಿಯೆಲ್ಲ ನಕ್ಕಿತು. ನಾನೂ ನಕ್ಕೆ. ಒಂದು ವಾರದ ಮೇಲೆ ಇವರ ಕೀ ಗೊಂಚಲಿನಲ್ಲಿ ವ್ಯಾನಿನ ಕೀ ಪಕ್ಕ ಬೀರುವಿನ ಎರಡನೇ ಕೀ ಕಂಡಿತು.

"ರೀ, ಇದ್ಯಾಕೆ ಇಲ್ಲಿಗೆ ಬಂತು?"

"ಇರ್ಲಿ ಬಿಡೇ. ಒಂದಿನ ಬೇಕಾಗುತ್ತೆ."

ಆವತ್ತು ನಗು ಬರಲಿಲ್ಲ.

ಅಷ್ಟರಲ್ಲಿ ಚುನಾವಣೆ ಬಂತು. ಸ್ಟೇಷನ್ನಿನ ಕಾನ್‌ಸ್ಟೇಬಲ್ ಚನ್ನವೀರೇಶ್ ಪಟ್ಟಿ ಹಿಡಿದು ಬಾಗಿಲಿಗೆ ಬಂದರು. ಹುಬ್ಬಳ್ಳಿ ಕಡೆಯವರು.

"ಅಕ್ಕಾರ, ಹಿರ್ಯಾರ ಹೆಸರಿನ್ಯಾಗ ಒಂದ್ ಬಂದೂಕ್ ಐತ್ರಿ. ಒಂಟಿ ನಳಿಗಿ, ಎರಡು ತೋಟಾ. ಇಲೆಕ್ಷನ್ ಮುಗಿಯೂತನಕ ಸ್ಟೇಷನ್ಯಾಗ ಇಡ್ಬೇಕ್ರಿ."

"ಗುಂಡಿನ ಲೆಕ್ಕಾನೂ ಗೊತ್ತಾ ನಿಮ್ಗೆ?"

"ಸರ್ಕಾರಕ್ಕ ಎಲ್ಲಾ ಗೊತ್ತಿರತೈತ್ರಿ."

ಎಲ್ಲಾ ಅಲ್ಲ ಎಂದುಕೊಂಡೆ. ಪಟ್ಟಿಯಲ್ಲಿ ಬಂದೂಕಿನ ನಂಬರಿತ್ತು, ಮಾವನ ಫೋಟೋ ಇತ್ತು. ಬೀರುವಿನ ಎರಡನೇ ಕೀ ಯಾರ ಜೇಬಿನಲ್ಲಿದೆ ಎಂಬುದು ಇರಲಿಲ್ಲ. ಅದು ಗೊತ್ತಿದ್ದದ್ದು ನನಗೊಬ್ಬಳಿಗೆ.

ಮಾವ ಬಂದೂಕನ್ನು ಬೆಡ್‌ಶೀಟಿನಲ್ಲಿ ಸುತ್ತಿ ಆಟೋದಲ್ಲಿ ಒಯ್ದು ಕೊಟ್ಟು, ರಸೀದಿ ತಂದರು. ಎರಡು ತಿಂಗಳು ನಾನು ಚೆನ್ನಾಗಿ ನಿದ್ದೆ ಮಾಡಿದೆ.

ಚುನಾವಣೆ ಮುಗಿಯಿತು. ಆಯುಧ ಪೂಜೆಗೆ ಮೂರು ದಿನವಿತ್ತು. ಲೈಸೆನ್ಸಿನ ಐದು ವರ್ಷವೂ ತುಂಬುತ್ತಾ ಬಂದಿತ್ತು. ಮಾವ ಬೆಡ್‌ಶೀಟ್ ಮಡಚಿ ಕಂಕುಳಲ್ಲಿಟ್ಟುಕೊಂಡರು.

"ಮೊದ್ಲು ಡಾಕ್ಟ್ರ ಸರ್ಟಿಫಿಕೇಟ್ ತಗೊಂಡು, ಹಂಗೇ ಸ್ಟೇಷನ್‌ಗೆ ಹೋಗಿ ಬರ್ತೀನಿ ಕಣಮ್ಮ. ಹಬ್ಬಕ್ಕೆ ಮನೇಲಿರ್ಬೇಕು ಅದು."

ಹೇಳಿದರೆ ಗಂಡನ ಮೇಲೆ ಚಾಡಿ ಹೇಳಿದ ಹಾಗೆ. ಸುಮ್ಮನಿದ್ದರೆ ಆ ಕೀ. ಚಪ್ಪಲಿ ಹಾಕಿಕೊಳ್ಳುತ್ತಿದ್ದವರ ಹತ್ತಿರ ಹೋಗಿ ಹೇಳಿಬಿಟ್ಟೆ.

"ಮಾವ, ಬೀರುದು ಇನ್ನೊಂದು ಕೀ ನಿಮ್ಮ ಮಗನ ಗೊಂಚಲಲ್ಲಿದೆ. ಜಗಳ ಆದ್ಮೇಲಿಂದ."

ಮಾವ ನನ್ನ ಮುಖ ನೋಡಿದರು. ಎದುರಿಗೆ ನಿಂತಿದ್ದ ಕಾರು ನೋಡಿದರು. ಗೇಟು ದಾಟಿದರು.

ಸಂಜೆ ಮರಳಿದಾಗ ಬೆಡ್‌ಶೀಟ್ ಮಡಚಿದ ಹಾಗೆಯೇ ಇತ್ತು.

"ಬಂದೂಕೆಲ್ಲಪ್ಪಾ?" ಎಂದರು ಇವರು.

"ಸರ್ಕಾರಕ್ಕೇ ಬರ್ಕೊಟ್ಬಿಟ್ಟೆ ಕಣೋ. ಕೈ ನಡುಗುತ್ತೆ, ಆಗಲ್ಲ ಅಂದ್ರು ಡಾಕ್ಟ್ರು. ಇನ್ನು ಯಾಕೆ ಅದು?"

ಇವರ ಮುಖ ಸಪ್ಪಗಾಯಿತು. ಅಪ್ಪನ ಕೈಯನ್ನೇ ನೋಡುತ್ತಾ ಕೂತರು. ರಾತ್ರಿ ಊಟಕ್ಕೆ ತಾವೇ ಬಡಿಸಿದರು.

ಮರುದಿನ ಒಗೆಯಲು ತೆಗೆದುಕೊಂಡ ಮಾವನ ಅಂಗಿಯ ಜೇಬಿನಲ್ಲಿ ಡಾಕ್ಟರ ಸರ್ಟಿಫಿಕೇಟ್ ಸಿಕ್ಕಿತು. ಕೈ ನಡುಕವಿಲ್ಲ, ದೃಷ್ಟಿ ಸರಿಯಿದೆ, ಲೈಸೆನ್ಸ್ ನವೀಕರಿಸಬಹುದು ಎಂದು ಬರೆದಿತ್ತು. ಅಂಗಿಯ ಜೊತೆ ಅದನ್ನೂ ನೆನೆಸಿಟ್ಟೆ.

ಹಬ್ಬದ ದಿನ ಬಂದೂಕಿನ ಜಾಗದಲ್ಲಿ ಮಾವ ಸ್ಟೇಷನ್ನಿನ ರಸೀದಿ ಇಟ್ಟು ಕುಂಕುಮ ಹಚ್ಚಿದರು. ಆಮೇಲೆ ತಟ್ಟೆ ಹಿಡಿದು ಹೊರಗೆ ಹೋಗಿ ವ್ಯಾನಿಗೆ, ಅದರ ಮುಂದಿದ್ದ ಸುಘೋಷನ ಕಾರಿಗೆ, ಎರಡಕ್ಕೂ ಹೂವಿಟ್ಟು ಬೂದುಗುಂಬಳ ಒಡೆದರು. ಸುಘೋಷ್ ಓಡಿ ಬಂದ.

"ತಾತ, ಅದು ನನ್ನ ಕಾರು!"

"ನಮ್ಮ ಗೇಟ್ ಮುಂದೇನೇ ಇರುತ್ತಲ್ಲಪ್ಪ, ನಮ್ದೇ ಅಂದ್ಕೊಂಡೆ."

ಇವರಿಗೆ ನಗು ತಡೆಯಲಾಗಲಿಲ್ಲ. ಸುಘೋಷನೂ ತಲೆ ಕೆರೆದುಕೊಂಡು ನಕ್ಕ. ಆವತ್ತಿನಿಂದ ಕಾರು ಎರಡಡಿ ಹಿಂದೆ ನಿಲ್ಲುತ್ತಿದೆ. ಸ್ಕೂಟರಿಗೆ ಸಾಕು, ವ್ಯಾನಿಗೆ ಸಾಲದು. ಬೆಳಗಿನ ಬೈಗುಳ ಇನ್ನೂ ಇದೆ.

ಬೀರುವಿನ ಎರಡೂ ಕೀ ಈಗ ನನ್ನ ಹತ್ತಿರ ಇವೆ, ಒಳಗೆ ಬ್ಲೌಸ್ ಪೀಸುಗಳಿವೆ. ಹೋದದ್ದು ಮಾವನ ಬಂದೂಕು, ಎರಡು ತೋಟಾ. ಉಳಿದದ್ದು ಇಬ್ಬರು ಗಂಡಸರು, ನನ್ನವರು ಮತ್ತು ಎದುರುಮನೆಯ ಸುಘೋಷ್.