ಮೂರು ಮೊಳ, ಮೇಲೊಂದು ಚೂರು

ಎಷ್ಟು ಎಳೆದರೂ ದುಂಡನೆಯ ಬಿದಿರು ಬಳೆಗೆ ಸುತ್ತಿದ ಹಾರದ ತುದಿಗಳು ಒಂದಕ್ಕೊಂದು ಕೂಡಲಿಲ್ಲ. ಹೂ ಕಟ್ಟುವ ಇಸಕ್ಕಿ ಸ್ಟೂಲಿನ ಮೇಲಿಂದಲೇ ಗದರಿದಳು: "ಬಳೆ ಅಡ್ಡಕ್ಕೆ ನಾಲ್ಕು ಮೊಳ ಅಂದಿದ್ಯಲ್ಲೋ ಮಾಡಸಾಮಿ?"

"ಐದು ಮಾಡ್ಬಿಟ್ಟೆ ಅಕ್ಕಾ. ಮೇಷ್ಟ್ರು ಎತ್ತರದ ಆಳು, ನಾಲ್ಕು ಸಾಲದು ಅನ್ನಿಸ್ತು." ಬಿದಿರು ಕೆಲಸದವನು ತಲೆ ಕೆರೆದುಕೊಂಡ.

ಆ ಬಿದಿರು ಬಳೆಯ ಕೆಳಗೆ, ಚಟ್ಟದ ಮೇಲೆ, ಲೆಕ್ಕದ ಮೇಷ್ಟ್ರು ಸುಡಲೈಮುತ್ತು ಹಣೆತುಂಬ ವಿಭೂತಿ ಬಳಿಸಿಕೊಂಡು ಮಲಗಿದ್ದರು. ತುಂಬಿದ ವಯಸ್ಸಿನ ಸಾವು. ಬೀದಿಯಲ್ಲಿ ತಮಟೆಯವರು ತುದಿಗಾಲಲ್ಲಿ ಕಾಯುತ್ತಿದ್ದರು. ಮದುವೆ ತಿಂಗಳಾದ್ದರಿಂದ ತಿರುನೆಲ್ವೇಲಿ ಪೇಟೆಯಲ್ಲಿ ಹೂವೇ ಇರಲಿಲ್ಲ. ಇಸಕ್ಕಿಯ ಬುಟ್ಟಿಯಲ್ಲಿ ನಾಲ್ಕು ಬೊಗಸೆ ಸೇವಂತಿಗೆ ಉಳಿದಿತ್ತು.

"ಇಷ್ಟು ದೊಡ್ಡ ಬಳೆಗೆ ಇನ್ನರ್ಧ ಹಾರವಾದ್ರೂ ಬೇಕು. ಬಿಚ್ಚಾಕು, ಬೋಳು ಬಳೇಲೇ ಹೋಗ್ಲಿ," ಎಂದರು ಹಳೇ ಹೆಡ್ಮಾಸ್ಟರ್ ಪಿಚ್ಚಯ್ಯ. "ಎಂಟರಲ್ಲಿ ಫೇಲಾದವಳಿಗೆ ಲೆಕ್ಕ ಯಾಕೆ?"

ಮೂವತ್ತು ವರ್ಷದಿಂದ ಕೇಳಿದ ಮಾತೇ. ಆದರೆ ಮೇಷ್ಟ್ರ ಎದುರಿಗೇ ಕೇಳಬೇಕಾಯಿತಲ್ಲ ಎಂದು ಇಸಕ್ಕಿಗೆ ಮೈಯೆಲ್ಲ ಉರಿಯಿತು.

*

ಅಂದು, ಎಂಟನೇ ಕ್ಲಾಸಿನಲ್ಲಿ, ಮೇಷ್ಟ್ರು ವೃತ್ತದ ಸುತ್ತಳತೆಗೆ ಸೂತ್ರ ಹೇಳಿಕೊಡಲಿಲ್ಲ. ತಟ್ಟೆ, ಕೊಡ, ಗಾಡಿಯ ಚಕ್ರ ಇಟ್ಟು, ಕೈಗೆ ದಾರ ಕೊಟ್ಟರು. ಅಡ್ಡದ ಅಳತೆಯ ದಾರವನ್ನು ಅಂಚಿನ ಸುತ್ತ ಮೂರು ಸಲ ಹಿಡಿದರೂ ಚೂರು ಜಾಗ ಉಳಿಯುತ್ತಿತ್ತು. ಕೈತಪ್ಪೆಂದು ಎಲ್ಲರೂ ಆ ಚೂರನ್ನು ಬಿಟ್ಟು ಬರೆದರು.

"ತಪ್ಪಲ್ಲ ಸಾರ್," ಎಂದಳು ಹೂವಾಡಗಿತ್ತಿಯ ಮಗಳು ಇಸಕ್ಕಿ. "ತಟ್ಟೇಲಿ ಸಣ್ಣ ಚೂರು, ಚಕ್ರದಲ್ಲಿ ದೊಡ್ಡ ಚೂರು. ಅಡ್ಡದ ಜೊತೆ ಅದೂ ಬೆಳೀತಿದೆ."

ಮೇಷ್ಟ್ರು ಪಂಚೆ ಎತ್ತಿ ಕಟ್ಟಿ ಕುಣಿದೇಬಿಟ್ಟರು.

"ಪಾಠ ಮುಗಿಸ್ರೀ ಅಂದ್ರೆ ದಾರದಾಟ ಆಡಿಸ್ತೀರಲ್ರೀ! ಇವಳು ಪಾಸಾಗ್ತಾಳಾ?" ಎಂದು ಬಾಗಿಲಿಂದ ಪಿಚ್ಚಯ್ಯ ಗುಡುಗಿದರು.

"ಪಾಸು ಗೊತ್ತಿಲ್ಲ ಸಾರ್. ಇದನ್ನ ಮರೆಯಲ್ಲ," ಎಂದರು ಮೇಷ್ಟ್ರು.

*

"ಅಡ್ಡಕ್ಕೆ ಹೆಚ್ಚಾಗಿರೋದು ಒಂದು ಮೊಳ ತಾನೆ?" ಇಸಕ್ಕಿ ನೆಲಕ್ಕೆ ಕೂತು ದಾರ ತೆಗೆದಳು. "ಸುತ್ತಕ್ಕೆ ಮೂರು ಮೊಳ, ಮೇಲೊಂದು ಚೂರು. ಬಳೆ ಎಷ್ಟೇ ದೊಡ್ಡದಿರಲಿ ಸಾರ್, ಅಷ್ಟೇ."

ಬೆರಳುಗಳು ಓಡಿದವು. ಕಟ್ಟಿ ಮೇಲಕ್ಕೇರಿಸಿದಾಗ ನಾಲ್ಕು ಬೆರಳಿಗೂ ಕಡಿಮೆ ಜಾಗ ಬೋಳಾಗಿ ಉಳಿಯಿತು.

"ನೋಡಿದ್ಯಾ, ಸಾಲಲಿಲ್ಲ!" ಎಂದರು ಪಿಚ್ಚಯ್ಯ.

ಇಸಕ್ಕಿ ಮುಷ್ಟಿ ಬಿಚ್ಚಿದಳು. ಬೇರೆಯಾಗಿ ಕಟ್ಟಿದ ಹೂವಿನ ತುಂಡೊಂದು ಅಂಗೈಯಲ್ಲಿತ್ತು. "ಚೂರು ಇಲ್ಲಿದೆ ಸಾರ್. ನೀವೇ ಕಟ್ಟಿ."

ಮಾಡಸಾಮಿ ಬಳೆಯನ್ನು ಬಗ್ಗಿಸಿ ಹಿಡಿದ. ಪಿಚ್ಚಯ್ಯ ತುಂಡನ್ನು ಬೋಳು ಜಾಗಕ್ಕಿಟ್ಟು ಕಟ್ಟಿದರು. ಒಂದು ಹೂವೂ ಹೆಚ್ಚಾಗಲಿಲ್ಲ, ಕಡಿಮೆಯಾಗಲಿಲ್ಲ.

"ಈ ಸೂತ್ರಾನ ಜೀವಮಾನವೆಲ್ಲ ಬೋರ್ಡಿನ ಮೇಲೆ ಬರೆದೆ ಕಣಮ್ಮಾ," ಎಂದರು ಪಿಚ್ಚಯ್ಯ, "ಕಂಡಿದ್ದು ಇವತ್ತೇ."

ತಮಟೆ ಸಿಡಿಯಿತು. ಚಟ್ಟ ಎದ್ದಿತು. ಇಸಕ್ಕಿ ಬೀದಿಯ ತುದಿಯವರೆಗೂ ಕಣ್ಣೊರೆಸಿಕೊಳ್ಳುತ್ತ, ನಗುತ್ತ ಬಂದಳು. ತಿರುವಿನಲ್ಲಿ, ಎಲ್ಲರಿಗಿಂತ ಮುಂದೆ, ಪಿಚ್ಚಯ್ಯ ಪಂಚೆ ಎತ್ತಿ ಕಟ್ಟಿ ಕುಣಿಯುತ್ತಿದ್ದರು.