ಅಕ್ಕನಿಗೆ ನೂರಕ್ಕೆ ನೂರು

ನನ್ನಂಥ ಬುದ್ಧಿವಂತ ಹುಟ್ಟಿ ಸಾವಿರ ವರ್ಷವಾಗಿತ್ತು. ಪಿಎಚ್‌ಡಿ ಸೀಟೇ ನನ್ನ ಮನೆ ಹುಡುಕಿಕೊಂಡು ಬರಬೇಕಿತ್ತು. ಮೊಬೈಲು ಕಡಿಮೆ ಮುಟ್ಟಿದಷ್ಟೂ ಮನಸ್ಸಿಗೆ ನೆಮ್ಮದಿ ಎಂದು ಅಳೆಯುವ ಆ್ಯಪ್ ಮಾಡಿ, ಮನೆಯವರ ಫೋನುಗಳಿಗೆಲ್ಲ ಹಾಕಿದ್ದೆ.

ಸಂದರ್ಶನದಲ್ಲಿ ಪರದೆ ತೋರಿಸಿ ಎದೆಯುಬ್ಬಿಸಿದೆ. "ಇವಳು ನಮ್ಮಕ್ಕ, ಮೇಡಂ. ಗಂಡ ಬಿಟ್ಟುಹೋದ ಮೇಲೆ ಬೇರೆ ಮನೇಲಿ ಒಂಟಿಯಾಗಿದ್ದಾಳೆ. ಹಗಲೂ ರಾತ್ರಿ ಎಲ್ಲರಿಗೂ ಫೋನ್ ಮಾಡಿ ಅಳ್ತಿದ್ಲು. ನಿನ್ನೆಯಿಂದ ನೂರಕ್ಕೆ ನೂರು ನೆಮ್ಮದಿ! ದೇವರಿಗೂ ಇಷ್ಟು ಬರಲ್ಲ."

ಪ್ರೊಫೆಸರಮ್ಮ ನಗಲಿಲ್ಲ. "ನಿನ್ನೆಯಿಂದ ಫೋನೇ ಮುಟ್ಟಿಲ್ವಲ್ಲಪ್ಪ. ನೀನು ಅವರ ಹತ್ರ ಮಾತಾಡಿದ್ಯಾ?"

"ಆ್ಯಪ್ ಇರುವಾಗ ಮಾತು ಯಾಕೆ ಮೇಡಂ?" ಎಂದವನು ಪರದೆಯತ್ತ ಮತ್ತೆ ನೋಡಿದೆ.

ಅಕ್ಕನಿಗೆ ಫೋನ್ ಮಾಡಿದೆ. ರಿಂಗಾಯಿತು, ಆಗುತ್ತಲೇ ಇತ್ತು. ಪರದೆಯ ಮೇಲೆ ಅವಳ ಹಸಿರು ಗೆರೆ ನೂರರಿಂದ ಕದಲಲಿಲ್ಲ.